ಏಡಾ ಯಾರ ಮನೆ ಲೆಕ್ಕದಲ್ಲಿ ಬರುತ್ತಾಳೆ?

ಕಳೆದ ತಿಂಗಳು ನಮ್ಮ ಪಕ್ಕದ ಮನೆಯಲ್ಲಿ ಒಂದು ಮಗು ಕಾಣೆಯಾಯಿತು.

ಪೊಲೀಸರಿಗೆ ಯಾರೂ ಫೋನ್ ಮಾಡಲಿಲ್ಲ. ಮಾಡಿದ್ದರೂ ಅವರು ಬರುತ್ತಿರಲಿಲ್ಲ. ಮಗು ಕಾಣೆಯಾಗಿದ್ದು 1881ರಲ್ಲಿ.

ಮೊದಲಿಂದ ಹೇಳುತ್ತೇನೆ. ನಾವಿರುವುದು ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ. ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ (ಗೊತ್ತಿಲ್ಲದವರಿಗೆ ಈಗ ಗೊತ್ತಾಯಿತಲ್ಲ). ಪಕ್ಕದ ಮನೆಯವರು ಮೌರೀನ್. ವಯಸ್ಸು ಎಪ್ಪತ್ತೊಂಬತ್ತು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿದವರು. ಈಗಲೂ ಯಾರಾದರೂ ತಟ್ಟೆಯಲ್ಲಿ ಅನ್ನ ಬಿಟ್ಟರೆ ಅವರ ಹುಬ್ಬು ಮೇಲೇರುತ್ತದೆ. ನನ್ನ ಮಗಳು ಪ್ರಣತಿಗೆ 'ಮೌರೀನ್ ಆಂಟಿ' ಎನ್ನಲು ಕಲಿಸಿದ್ದೆ. "ನಾನು ಯಾರ ಆಂಟಿಯೂ ಅಲ್ಲ ಲವ್, ಬರೀ ಮೌರೀನ್" ಎಂದು ಅವರು ಮೊದಲ ದಿನವೇ ತಿದ್ದಿದರು. ಅಂದಿನಿಂದ ಹದಿನೈದರ ಹುಡುಗಿ ಎಪ್ಪತ್ತೊಂಬತ್ತರ ಹೆಂಗಸನ್ನು ಹೆಸರು ಹಿಡಿದೇ ಕರೆಯುತ್ತಾಳೆ. ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಮೌರೀನ್ ಅವರಿಗೆ ಕಣ್ಣಿನ ನಡುಭಾಗ ಮಸುಕಾಗಿದೆ. ಸುತ್ತಲಿನದೆಲ್ಲ ಕಾಣುತ್ತದೆ, ಓದಲು ಹೋದ ಅಕ್ಷರವೊಂದೇ ಕಾಣುವುದಿಲ್ಲ. ಪ್ರಣತಿಗೆ ಶಾಲೆಯಲ್ಲಿ ಯಾವುದೋ ಸರ್ಟಿಫಿಕೇಟಿಗಾಗಿ ಇಷ್ಟು ಗಂಟೆ ವಾಲಂಟಿಯರಿಂಗ್ ಮಾಡಬೇಕು. ಹಾಗಾಗಿ ಶನಿವಾರ ಬೆಳಿಗ್ಗೆ ಎರಡು ಗಂಟೆ ಮೌರೀನ್‌ಗೆ ಓದಿ ಹೇಳುವ ಕೆಲಸ ಹಿಡಿದಳು. ಕೌನ್ಸಿಲ್ ಟ್ಯಾಕ್ಸಿನ ಪತ್ರ, ಜಿಪಿ (ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು) ಕಳಿಸಿದ ಚೀಟಿ ಓದಿಸುತ್ತಾರೆ ಎಂದುಕೊಂಡಿದ್ದೆವು. ಅವರು ಓದಿಸಿದ್ದು ತಮ್ಮ ಪೂರ್ವಜರನ್ನು.

ಈ ದೇಶದಲ್ಲಿ ರಿಟೈರ್ ಆದವರಿಗೆ ಎರಡು ಹುಚ್ಚು. ಒಂದು ಹೂದೋಟ, ಇನ್ನೊಂದು ಪೂರ್ವಜರು. ಮಳೆ ಬಂದರೆ ತೋಟ ಬಿಟ್ಟು ಪೂರ್ವಜರನ್ನು ಹಿಡಿಯುತ್ತಾರೆ. ಮ್ಯಾಂಚೆಸ್ಟರಿನಲ್ಲಿ ಎಷ್ಟು ಮಳೆ ಬರುತ್ತದೆ ಎಂದು ನಿಮಗೆ ಗೊತ್ತು. ಹಾಗಾಗಿ ಇಲ್ಲಿ ಪೂರ್ವಜರೂ ಜಾಸ್ತಿ.

ಮೊದಮೊದಲು ನನಗೆ ನಗು. ವಂಶದ ವಿಷಯ ತಿಳಿಯಲು ಇಷ್ಟು ಒದ್ದಾಡಬೇಕೇ? ನಮ್ಮಲ್ಲಿ ಹೆಳವರಿದ್ದಾರಲ್ಲ! ದಾವಣಗೆರೆಯ ನಮ್ಮ ಮನೆಗೆ ಸುಗ್ಗಿ ಮುಗಿದ ಮೇಲೆ ಒಬ್ಬ ಹೆಳವ ಬರುತ್ತಿದ್ದ. ಪಡಸಾಲೆಯಲ್ಲಿ ಕೂತು, ಬಟ್ಟೆಯ ಗಂಟು ಬಿಚ್ಚಿ, ಹಳೆಯ ಪುಸ್ತಕ ತೆಗೆದು, ನಮ್ಮ ಅಜ್ಜನ ಅಜ್ಜ ಯಾವ ಊರಿನಿಂದ ಬಂದ, ಅವನಿಗೆಷ್ಟು ಗಂಡುಮಕ್ಕಳು, ಯಾರು ಮನೆ ಒಡೆದು ಬೇರೆ ಹೋದರು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ಕಾಳು, ಬಟ್ಟೆ ಕೊಟ್ಟು ಕಳಿಸುತ್ತಿದ್ದರು. ನಾನು ಹತ್ತು ವರ್ಷದವಳಿದ್ದಾಗ ಒಮ್ಮೆ, ಇದರಲ್ಲಿ ನನ್ನ ಹೆಸರು ಎಲ್ಲಿ ಎಂದು ಕೇಳಿದ್ದೆ. ಅವನು ಪುಸ್ತಕದಿಂದ ತಲೆ ಕೂಡ ಎತ್ತಲಿಲ್ಲ.

"ಹೆಣ್ಮಕ್ಕಳು ಕೊಟ್ಟ ಮನಿ ಲೆಕ್ಕದಾಗ ಬರ್ತಾರ ತಂಗೀ" ಎಂದ.

ಕೊಟ್ಟ ಮನೆಯ ಹೆಳವ ನನ್ನನ್ನು ಬರೆದುಕೊಂಡಿದ್ದಾನೋ ಇಲ್ಲವೋ, ಇವತ್ತಿಗೂ ವಿಚಾರಿಸಿಲ್ಲ.

ಇಂಗ್ಲಿಷರಿಗೆ ಹೆಳವರಿಲ್ಲ. ಚರ್ಚ್ ಇದೆ, ಸರ್ಕಾರ ಇದೆ. ಪ್ರತಿ ಊರಿನ ಚರ್ಚಿನಲ್ಲೂ ರಿಜಿಸ್ಟರ್ ಇಟ್ಟಿದ್ದಾರೆ: ಯಾವ ಮಗುವಿಗೆ ಬ್ಯಾಪ್ಟಿಸಂ ಆಯಿತು, ಯಾರಿಗೆ ಯಾರೊಡನೆ ಮದುವೆಯಾಯಿತು, ಯಾರನ್ನು ಹೂಳಿದರು. ಅದರ ಮೇಲೆ ಹತ್ತು ವರ್ಷಕ್ಕೊಮ್ಮೆ ಸೆನ್ಸಸ್. ಒಂದು ಗೊತ್ತಾದ ರಾತ್ರಿ ಯಾವ ಮನೆಯಲ್ಲಿ ಯಾರು ಯಾರು ಮಲಗಿದ್ದರು ಎಂಬ ಪಟ್ಟಿ. ಅದನ್ನು ನೂರು ವರ್ಷ ಬೀಗ ಹಾಕಿ ಇಟ್ಟು ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. ಈಗ ಹಾಳೆಗಳ ಫೋಟೋ ಸಮೇತ ಆನ್‌ಲೈನಿನಲ್ಲಿವೆ. ಲೈಬ್ರರಿ ಕಾರ್ಡ್ ಇದ್ದರೆ ಸಾಕು.

ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಫಾರ್ಮ್ ತುಂಬುವುದರಲ್ಲಿ ನಮ್ಮವರದು ಎತ್ತಿದ ಕೈ ತಾನೇ? ವೀಸಾದ ಮೇಲೆ ಬದುಕಿದವರಿಗೆ ಫಾರ್ಮ್ ಎಂದರೆ ಭಯ, ಭಕ್ತಿ ಎರಡೂ. ಮೊದಲು ಜೆರಾಕ್ಸ್ ಪ್ರತಿಯಲ್ಲಿ ಪೆನ್ಸಿಲಿನಿಂದ ತುಂಬುತ್ತೇವೆ. ಆಮೇಲೆ ಅಸಲಿನಲ್ಲಿ ಕಪ್ಪು ಪೆನ್ನು, ಕ್ಯಾಪಿಟಲ್ ಅಕ್ಷರ. ಗಂಡ ಗಟ್ಟಿಯಾಗಿ ಓದುತ್ತಾನೆ, ಹೆಂಡತಿ ಬೆರಳಿಟ್ಟು ನೋಡುತ್ತಾಳೆ. ಎಲ್ಲಾದರೂ ಒಂದು ಕಾಟು ಹೊಡೆಯಬೇಕಾಗಿ ಬಂದರೆ ಅವತ್ತು ಊಟ ಸೇರುವುದಿಲ್ಲ. (ಮೌರೀನ್ ಫಾರ್ಮ್ ತುಂಬಿದ್ದನ್ನು ಒಮ್ಮೆ ನೋಡಿದ್ದೇನೆ. ಹಸಿರು ಪೆನ್ನು, ಮೂಲೆಯಲ್ಲಿ ಟೀ ಕಲೆ. ಹುಟ್ಟಿದ ದೇಶದಲ್ಲೇ ಬದುಕುವವರ ಧೈರ್ಯವೇ ಬೇರೆ.)

ಇರಲಿ, ಕಾಣೆಯಾದ ಮಗುವಿನ ಮಾತಿಗೆ ಬರೋಣ.

ಆ ಮಗುವಿನ ಹೆಸರು ಏಡಾ. ಮೌರೀನ್ ಅವರ ತಾಯಿಯ ತಾಯಿ. ಮೌರೀನ್ ಹತ್ತೊಂಬತ್ತು ವರ್ಷದವರಾಗುವವರೆಗೂ ಈ ಅಜ್ಜಿ ಬದುಕಿದ್ದರು, ಇವರನ್ನು ಎತ್ತಿ ಆಡಿಸಿದ್ದರು. ಆದರೆ ತನ್ನ ತಾಯಿಯ ಬಗ್ಗೆ ಏಡಾ ಜೀವಮಾನದಲ್ಲಿ ಆಡಿದ್ದು ಒಂದೇ ಮಾತಂತೆ: "ಅವಳಿಗೆ ನಾನು ಬೇಕಾಗಿರಲಿಲ್ಲ." ಅದನ್ನು ಹೇಳುವಾಗಲೂ ಆಲೂಗಡ್ಡೆ ಸುಲಿಯುವ ಕೈ ನಿಲ್ಲುತ್ತಿರಲಿಲ್ಲವಂತೆ.

ಮೌರೀನ್‌ಗೆ ಟೆರಿ ಎಂಬ ತಮ್ಮನಿದ್ದಾನೆ, ಲೀಡ್ಸಿನಲ್ಲಿ. ಅವನು ಮೊಮ್ಮಕ್ಕಳಿಗೆ ಕೊಡಲೆಂದು ಮನೆತನದ ಪುಸ್ತಕವೊಂದನ್ನು ತಯಾರು ಮಾಡಿದ್ದಾನೆ. ಫೋಟೋ, ತಾರೀಖು, ಒಬ್ಬೊಬ್ಬರ ಬಗ್ಗೆ ಎರಡೆರಡು ಸಾಲು. ಏಡಾಳ ಪಾಲಿನ ಸಾಲು: 'ಹುಟ್ಟಿದೊಡನೆ ತಾಯಿ ತೊರೆದ ಮಗು.' ತಿಂಗಳ ಕೊನೆಗೆ ಪುಸ್ತಕ ಪ್ರಿಂಟಿಗೆ ಹೋಗಬೇಕು. ಮೌರೀನ್‌ಗೆ ಆ ಒಂದು ಸಾಲು ನುಂಗಲಾಗದ ತುತ್ತಾಗಿತ್ತು.

"ನಿಜವಾದರೆ ಹಾಕಲಿ" ಎಂದರು ಅವರು. "ಆದರೆ ನಿಜವೋ ಅಲ್ಲವೋ ನೋಡದೆ ಹಾಕಬಾರದು. ಇನ್ನು ಐವತ್ತು ವರ್ಷ ಹೋದ ಮೇಲೆ ಏಡಾ ಬಗ್ಗೆ ಯಾರಿಗಾದರೂ ಗೊತ್ತಿರೋದು ಆ ಒಂದೇ ಸಾಲು, ಅಲ್ವಾ?"

ಟೆರಿಯ ಬಳಿ ಪುರಾವೆ ಇತ್ತು. 1881ರ ಸೆನ್ಸಸ್ ಪ್ರಕಾರ ಏಡಾಳ ಅಪ್ಪ ಜೋಸೆಫ್, ಅಮ್ಮ ಹ್ಯಾನಾ ಇಲ್ಲೇ ಮ್ಯಾಂಚೆಸ್ಟರಿನ ಆ್ಯಂಕೋಟ್ಸ್‌ನಲ್ಲಿದ್ದರು. ಇಬ್ಬರಿಗೂ ಹತ್ತಿಗಿರಣಿಯಲ್ಲಿ ಕೆಲಸ. ಮನೆಯಲ್ಲಿ ಇಬ್ಬರೇ. ಏಡಾ ಅಷ್ಟರಲ್ಲಿ ಹುಟ್ಟಿ ಕೆಲವು ತಿಂಗಳಾಗಿರಬೇಕು, ಆದರೆ ಮನೆಯಲ್ಲಿಲ್ಲ. ಸುತ್ತಮುತ್ತಲ ಯಾವ ಚರ್ಚಿನಲ್ಲೂ ಅವಳ ಬ್ಯಾಪ್ಟಿಸಂ ಇಲ್ಲ. ಪ್ರಣತಿ ಮೂರು ಶನಿವಾರ ಹುಡುಕಿ ಕೈಚೆಲ್ಲಿದ್ದಳು.

ನಾನು ಅಲ್ಲಿಗೆ ಹೋದದ್ದು ಮಗಳನ್ನು ಊಟಕ್ಕೆ ಕರೆಯಲು. ಕೈಯಲ್ಲಿ ಖಾರ ಮಂಡಕ್ಕಿಯ ಡಬ್ಬಿ (ಮೌರೀನ್‌ಗೆ ಇಷ್ಟ, ಮೆಣಸಿನಕಾಯಿ ಮಾತ್ರ ಆರಿಸಿ ಪಕ್ಕಕ್ಕಿಡುತ್ತಾರೆ). ವಿಷಯ ಕೇಳಿದೆ. ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಮೊದಲನೇ ಮಗು ತಾನೇ? ಹೆರಿಗೆಗೆ ತವರಿಗೆ ಹೋಗಿರ್ತಾಳೆ" ಎಂದೆ.

ತವರು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಮೂರು ವಾಕ್ಯ ಹಿಡಿಯಿತು. ಮೌರೀನ್ ತಲೆಯಾಡಿಸಿದರು. "ಇಲ್ಲಿ ಹಾಗೆಲ್ಲ ಇಲ್ಲ ಲವ್. ಬಡ ಗಿರಣಿ ಜನ ಅವರು."

"ಬಡವರಿಗೆ ತಾಯಿ ಇರಲ್ವಾ?" ಎಂದೆ.

ಪ್ರಣತಿ ನನ್ನತ್ತ ನೋಡಿದಳು. ಅಮ್ಮನ ಮಾತಿನಲ್ಲೂ ಒಮ್ಮೊಮ್ಮೆ ಹುರುಳಿರುತ್ತದೆ ಎಂಬ ಅನುಮಾನ ಆ ಮುಖದಲ್ಲಿತ್ತು. ಹ್ಯಾನಾಳ ತವರು ಎಲ್ಲಿ ಎಂದು ಗೊತ್ತಾಗಬೇಕಿದ್ದರೆ ಮದುವೆಯ ದಾಖಲೆ ಬೇಕು, ಇಲ್ಲಿ ಸಾಮಾನ್ಯವಾಗಿ ಮದುವೆ ಹೆಣ್ಣಿನ ಊರಿನ ಚರ್ಚಿನಲ್ಲೇ (ಇದೂ ನಮ್ಮ ಹಾಗೆಯೇ ನೋಡಿ) ಎಂದು ಅವಳೇ ಹೇಳಿ ಹುಡುಕತೊಡಗಿದಳು. ಸಿಕ್ಕಿತು. ಸ್ಟಾಫರ್ಡ್‌ಶೈರಿನಲ್ಲಿ, ಲೀಕ್ ಹತ್ತಿರದ ಒಂದು ಹಳ್ಳಿ. ರಿಜಿಸ್ಟರಿನಲ್ಲಿ ಜೋಸೆಫನ ಸಹಿ, ಅದರ ಕೆಳಗೆ ಹ್ಯಾನಾಳ ಗುರುತು. ಅಂದರೆ ಒಂದು ಗುಣಾಕಾರದ ಚಿಹ್ನೆ. ಅವಳಿಗೆ ಆಗ ಬರೆಯಲು ಬರುತ್ತಿರಲಿಲ್ಲ.

ಅದೇ ಚರ್ಚು, ಹದಿಮೂರು ತಿಂಗಳು ಆಮೇಲೆ: ಏಡಾಳ ಬ್ಯಾಪ್ಟಿಸಂ. 1881ರಲ್ಲಿ ಅದೇ ಊರಿನ ಸೆನ್ಸಸ್: ಹ್ಯಾನಾಳ ಅಪ್ಪ, ಅಮ್ಮ, ಅವರ ಕೆಳಗೆ 'ಏಡಾ, ಮೊಮ್ಮಗಳು, ನಾಲ್ಕು ತಿಂಗಳು'.

ನಾನು ಹಿಗ್ಗಿ ಹೀರೇಕಾಯಿಯಾದೆ. ನೂರ ನಲವತ್ತು ವರ್ಷದಿಂದ ಇಂಗ್ಲಿಷರಿಗೆ ಸಿಗದ ಮಗುವನ್ನು ದಾವಣಗೆರೆಯವಳು ಮಂಡಕ್ಕಿ ಡಬ್ಬಿ ಕೆಳಗಿಡುವುದರೊಳಗೆ ಹುಡುಕಿ ಕೊಟ್ಟಿದ್ದಳು!

ಮೌರೀನ್ ಮಾತ್ರ ಹಿಗ್ಗಲಿಲ್ಲ. "ಸರಿ, ಹಡೆಯೋಕೆ ಅಲ್ಲಿಗೆ ಹೋದಳು. ಮತ್ತೆ ಅವಳೆಲ್ಲಿ?" ಎಂದರು. ಹೌದಲ್ಲ. ಪಟ್ಟಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಗಳು ಇದ್ದರು. ಹ್ಯಾನಾ ಆ್ಯಂಕೋಟ್ಸಿನ ಮನೆಯಲ್ಲಿ ಗಂಡನ ಜೊತೆ ಇದ್ದಳು. ನಾಲ್ಕು ತಿಂಗಳ ಕೂಸನ್ನು ಬಿಟ್ಟು ಗಿರಣಿಗೆ ಮರಳಿದ್ದಳು. "ಹಾಗಾದರೆ ಟೆರಿ ಹೇಳಿದ್ದೇ ಸರಿ" ಎಂದು ಮೌರೀನ್ ಮೇಜಿನ ಮೇಲಿದ್ದ ಮಂಡಕ್ಕಿಯ ಕಾಳುಗಳನ್ನು ಒಂದೆಡೆ ಗುಡಿಸತೊಡಗಿದರು.

ನನಗೆ ಕೋಪ ಬಂತು. ಯಾರ ಮೇಲೆ ಎಂದು ಕೇಳಬೇಡಿ.

"ಮಗೂನ ಬೀದಿಲಿ ಬಿಡೋದು ಬೇರೆ, ಅಮ್ಮನ ಮಡಿಲಲ್ಲಿ ಬಿಡೋದು ಬೇರೆ" ಎಂದೆ. "ಇದರಲ್ಲಿ ತೊರೆಯೋದೇನು ಬಂತು? ಕೆಲಸ ಇತ್ತು, ಹೋದಳು. ನಾವೆಲ್ಲ ಮಾಡಿದ್ದೀವಿ. ನಾನೇ ಇವಳನ್ನ ಐದೂವರೆ ತಿಂಗಳಿಗೆ ನಮ್ಮಮ್ಮನ ಹತ್ರ ಕಳಿಸಿ ಹತ್ತೊಂಬತ್ತು ತಿಂಗಳು ಬಿಟ್ಟಿರಲಿಲ್ವಾ?"

ಲ್ಯಾಪ್‌ಟಾಪಿನ ಕೀಲಿಗಳ ಸದ್ದು ನಿಂತಿತು.

ಪ್ರಣತಿಗೆ ತಾನು ಕೂಸಾಗಿದ್ದಾಗ ದಾವಣಗೆರೆಯಲ್ಲಿ ಇದ್ದದ್ದು ಗೊತ್ತು. ಮೊದಲ ಹುಟ್ಟುಹಬ್ಬದ ಫೋಟೋದಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತಿದ್ದಾಳೆ. ಎಷ್ಟು ದಿನ ಎಂದು ಅವಳು ಕೇಳಿದಾಗಲೆಲ್ಲ ನಾನು 'ಕೆಲವು ತಿಂಗಳು' ಎನ್ನುತ್ತಿದ್ದೆ. ಸುಳ್ಳಲ್ಲ. ಹತ್ತೊಂಬತ್ತೂ ಕೆಲವೇ.

ಮೌರೀನ್ ಮನೆಯಿಂದ ನಮ್ಮ ಮನೆಗೆ ಹದಿನೈದು ಹೆಜ್ಜೆ. ಹದಿನೈದನ್ನೂ ಅವಳು ನನಗಿಂತ ಮುಂದೆ ನಡೆದಳು. ಬಾಗಿಲು ಹಾಕಿದ ಮೇಲೆ ತಿರುಗಿ ನಿಂತಳು. (ಇಲ್ಲಿ ಹುಟ್ಟಿದ ಎಲ್ಲ ಮಕ್ಕಳ ಹಾಗೆ ಅವಳಿಗೂ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ನಾನು ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಕ್ಷಮಿಸಿ.)

"ಕೆಲವು ತಿಂಗಳು ಅಂದಿದ್ದೆ."

"ಹೌದು ಪುಟ್ಟಾ..."

"ಹತ್ತೊಂಬತ್ತು ಅಂದ್ರೆ ಒಂದೂವರೆ ವರ್ಷಕ್ಕಿಂತ ಜಾಸ್ತಿ. ಮೌರೀನ್ ಮುಂದೆ ಎಷ್ಟು ಸುಲಭವಾಗಿ ಹೇಳಿದೆ. ನನಗ್ಯಾಕೆ ಹೇಳಿಲ್ಲ?"

ಒಳ್ಳೆಯ ಪ್ರಶ್ನೆ. ನನ್ನಲ್ಲಿ ಇದ್ದದ್ದು ವಿವರಣೆ. ನಿಮಗೂ ಹೇಳಿಬಿಡುತ್ತೇನೆ. ಬಾಣಂತನಕ್ಕೆ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಕೆಲಸ ಬಿಟ್ಟರೆ ವೀಸಾ ಹೋಗುತ್ತಿತ್ತು. ನಮ್ಮ ಮನೆಯವರಿಗೆ ಲೀಡ್ಸಿನಲ್ಲಿ ಪ್ರಾಜೆಕ್ಟ್, ವಾರಕ್ಕೊಮ್ಮೆ ಬರುತ್ತಿದ್ದರು. ನನ್ನ ಡ್ಯೂಟಿ ರೋಟಾದಲ್ಲಿ ಹಗಲು ಯಾವುದು, ರಾತ್ರಿ ಯಾವುದು ನನಗೇ ಗೊತ್ತಾಗುತ್ತಿರಲಿಲ್ಲ. ಅಮ್ಮನ ವೀಸಾ ಮುಗಿಯುವ ವಾರ, "ಕೂಸು ನನ್ ಜೊತಿ ಬರಲಿ ಬಿಡು, ನೀನು ನೆಲೆ ಕಂಡ್ಕೋ" ಎಂದರು ಅಮ್ಮ. ಹಾಗೆ ಆಯಿತು. ಇಲ್ಲಿನ ನಮ್ಮ ಜನರಲ್ಲಿ ಎಷ್ಟೋ ಮನೆಯಲ್ಲಿ ಹಾಗೆ ಆಗಿದೆ. ಯುಗಾದಿ ಊಟಕ್ಕೆ ಸೇರಿದಾಗ ವೀಸಾ, ಮಾರ್ಟ್‌ಗೇಜ್, ಒಳ್ಳೆಯ ಶಾಲೆ ಸಿಗುವ ಪೋಸ್ಟ್‌ಕೋಡ್ ಎಲ್ಲ ಮಾತಾಡುತ್ತೇವೆ. ಇದೊಂದನ್ನು ಮಾತಾಡುವುದಿಲ್ಲ.

ಪ್ರಣತಿ ನನ್ನ ವಿವರಣೆಯನ್ನು ಪೂರ್ತಿ ಕೇಳಿದಳು. ಆಮೇಲೆ ಕೋಣೆಗೆ ಹೋಗಿ ದಾವಣಗೆರೆಗೆ ವಿಡಿಯೋ ಕಾಲ್ ಮಾಡಿದಳು. ಬಾಗಿಲು ಪೂರ್ತಿ ಹಾಕಿರಲಿಲ್ಲ. (ಕದ್ದು ಕೇಳಿದೆ. ನೀವಾದರೆ ಕೇಳುತ್ತಿರಲಿಲ್ಲವೇ?)

ಅಮ್ಮನಿಗೆ ಇದರಲ್ಲಿ ಮುಚ್ಚಿಡುವುದು ಏನೂ ಕಾಣಲಿಲ್ಲ. ಅವರಿಗೆ ಅದು ಹೆಮ್ಮೆಯ ವಿಷಯ. "ವರ್ಷ ಏಳು ತಿಂಗಳು ನನ್ ಮಡಿಲಾಗೇ ಇದ್ದೆಲ್ಲವ್ವಾ. ನನ್ನೇ ಅಮ್ಮಾ ಅಂತಿದ್ದೆ" ಎಂದು ನಗುತ್ತಿದ್ದರು. "ನಿಮ್ಮಮ್ಮ ಡ್ಯೂಟಿ ಮುಗಿಸಿ ಬಂದು ಕಂಪ್ಯೂಟರ್‌ನಾಗೆ ಕರೀತಿದ್ಲು. ಪುಟ್ಟೀ ಪುಟ್ಟೀ ಅಂತ ಅತ್ತಾಗೆ ಒಂದೇ ಸಮ ಕರಿಯೋದು. ನೀನು ಕೈ ಹಾಕಿ ಕಂಪ್ಯೂಟರ್ ಮುಚ್ಚಿ ಬಿಡ್ತಿದ್ದೆ!"

ಅದು ನಿಜ. ನಾನು ಮರೆತಿದ್ದೆ ಎಂದುಕೊಂಡಿದ್ದೆ, ಮರೆತಿರಲಿಲ್ಲ. ತೆರೆಯ ಮೇಲೆ ಒಂದು ಸಣ್ಣ ಅಂಗೈ ದೊಡ್ಡದಾಗುತ್ತಾ ಬಂದು ಎಲ್ಲ ಕಪ್ಪಾಗುತ್ತಿತ್ತು. ನಾನು ಯೂನಿಫಾರ್ಮಿನಲ್ಲೇ ಕೂತು ಅಳುತ್ತಿದ್ದೆ. ಎರಡು ವರ್ಷ ತುಂಬಿದ ಮೇಲೆ ಮಗಳನ್ನು ಕರೆತಂದಾಗ ಏರ್‌ಪೋರ್ಟಿನಲ್ಲಿ ಅವಳು ನನ್ನ ಕೈಯಿಂದ ಜಾರಿ ಅಜ್ಜಿಯ ಸೆರಗು ಹಿಡಿದುಕೊಂಡಳು. 'ಮಕ್ಕಳು ಬೇಗ ಮರೀತವೆ' ಎಂದು ಎಲ್ಲರೂ ಸಮಾಧಾನ ಮಾಡಿದರು. ಅವಳು ಮರೆತಳು, ಸರಿ. ನನ್ನ ಪಾಲಿನದನ್ನು ಮರೆಸುವವರು ಯಾರು?

ಆ ವಾರವಿಡೀ ಮನೆಯಲ್ಲಿ ಲೆಕ್ಕದ ಮಾತು. ಊಟ ಆಯ್ತಾ, ಆಯ್ತು. ಹೋಮ್‌ವರ್ಕ್, ಆಯ್ತು. ಶನಿವಾರ ಬಂತು. ಇನ್ನು ಮೌರೀನ್ ಮನೆಗೆ ಹೋಗಲಾರಳು ಎಂದುಕೊಂಡೆ. ಹತ್ತು ಗಂಟೆಗೆ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಹೊರಟಳು. ಹೊಸಿಲಲ್ಲಿ ನಿಂತು, "ಬರ್ತೀಯಾ?" ಎಂದಳು. ನಾನು ಒಲೆ ಆರಿಸಿ ಹೋದೆ.

ಅವತ್ತು ಮೊದಲು ತೆರೆದದ್ದು ಮುಂದಿನ ಸೆನ್ಸಸ್, 1891ರದ್ದು. ನನಗೆ ಧೈರ್ಯವಿತ್ತು. ಎರಡೋ ಮೂರೋ ವರ್ಷಕ್ಕೆ ಹ್ಯಾನಾ ಮಗಳನ್ನು ಕರೆಸಿಕೊಂಡಿರುತ್ತಾಳೆ. ನಾನು ಕರೆಸಿಕೊಳ್ಳಲಿಲ್ಲವೇ?

ಕರೆಸಿಕೊಂಡಿರಲಿಲ್ಲ. ಹತ್ತು ವರ್ಷದ ಏಡಾ ಇನ್ನೂ ಅಜ್ಜಿಯ ಮನೆಯಲ್ಲೇ ಇದ್ದಳು. ಆ್ಯಂಕೋಟ್ಸಿನಲ್ಲಿ ಜೋಸೆಫ್, ಹ್ಯಾನಾ, ಅವರ ಜೊತೆ ಇಬ್ಬರು ಗಂಡುಮಕ್ಕಳು. ಅವರು ಅಲ್ಲೇ ಹುಟ್ಟಿ ಅಲ್ಲೇ ಬೆಳೆಯುತ್ತಿದ್ದರು.

ತವರು, ಬಾಣಂತನ ಎಂದು ಹೋದ ವಾರ ಕೊಟ್ಟ ಭಾಷಣ ನಾಲ್ಕು ತಿಂಗಳ ಕೂಸಿಗೆ ಸರಿ. ಹತ್ತು ವರ್ಷದ ಹುಡುಗಿಗೆ ಅದು ಸಾಲುವುದಿಲ್ಲ. ಮೌರೀನ್ ಸ್ಪೀಕರಿನಲ್ಲಿ ಟೆರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಅವರದು ಪ್ರಾಮಾಣಿಕ ಹುಡುಕಾಟ, ತಮಗೆ ಬೇಡವಾದದ್ದನ್ನೂ ಬಚ್ಚಿಡುವವರಲ್ಲ. "ನಾನು ಹೇಳಿರಲಿಲ್ವಾ?" ಎಂದ ಟೆರಿ. ಗೆದ್ದ ದನಿಯೇನಲ್ಲ ಅದು, ಪಾಪ. ಅವನಿಗೂ ಆ ಅಜ್ಜಿ ಇಷ್ಟವೇ. "ಬುಧವಾರ ಪ್ರಿಂಟಿಗೆ ಕೊಡ್ತೀನಿ, ಆ ಸಾಲು ಇರಲಿ" ಎಂದು ಫೋನಿಟ್ಟ.

ಹ್ಯಾನಾ ಯಾಕೆ ಕರೆಸಿಕೊಳ್ಳಲಿಲ್ಲ? ಗೊತ್ತಿಲ್ಲ. ಅಜ್ಜಿ ಬಿಟ್ಟುಕೊಡಲಿಲ್ಲವೋ, ಮಗು ಬರಲೊಪ್ಪಲಿಲ್ಲವೋ, ಆ್ಯಂಕೋಟ್ಸಿನ ಹೊಗೆಗಿಂತ ಹಳ್ಳಿಯ ಗಾಳಿ ಮೇಲು ಅನಿಸಿತೋ. ಇಲ್ಲ, ನಿಜವಾಗಿಯೂ ಬೇಡವಾಗಿತ್ತೋ. ಸೆನ್ಸಸ್ ಅದನ್ನು ಕೇಳುವುದಿಲ್ಲ.

"ಇನ್ನೊಂದಿದೆ" ಎಂದಳು ಪ್ರಣತಿ. ಅವಳೊಬ್ಬಳೇ ಕೈ ಬಿಟ್ಟಿರಲಿಲ್ಲ. "ಹಳೇದೆಲ್ಲ ಸರ್ಕಾರದ ಗುಮಾಸ್ತ ಪುಸ್ತಕಕ್ಕೆ ಇಳಿಸಿಕೊಂಡ ನಕಲು. 1911ರದ್ದು ಹಾಗಲ್ಲ. ಮನೆಯವರು ತಾವೇ ತುಂಬಿದ ಫಾರ್ಮ್ ಹಾಗೇ ಉಳಿದಿದೆ."

ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಮೌರೀನ್ ಎರಡು ಸಲ ಟೀ ಮಾಡಿದರು. ಆಮೇಲೆ ಪ್ರಣತಿ "ಓ" ಎಂದಳು. ಅಷ್ಟೇ.

ಅದು ಹ್ಯಾನಾಳ ಫಾರ್ಮ್. ಜೋಸೆಫ್ ಅಷ್ಟರಲ್ಲಿ ತೀರಿಕೊಂಡಿದ್ದ. ಮನೆಯ ಯಜಮಾನಿ ಅವಳೇ, ಕೆಳಗಿನ ಸಹಿಯೂ ಅವಳದೇ. ದೊಡ್ಡ ದೊಡ್ಡ, ಒಂದೊಂದೇ ನಿಧಾನವಾಗಿ ಕೂರಿಸಿದ ಅಕ್ಷರ. ಮದುವೆಯ ದಿನ ಗುಣಾಕಾರ ಹಾಕಿದ್ದವಳು ಮೂವತ್ತು ವರ್ಷದಲ್ಲಿ ಎಲ್ಲೋ ಬರೆಯುವುದನ್ನು ಕಲಿತಿದ್ದಳು. ಮೊದಲ ಸಾಲಿನಲ್ಲಿ ಅವಳ ಹೆಸರು. ಎರಡನೆಯ ಸಾಲಿನಲ್ಲಿ ಜೊತೆಗಿದ್ದ ಕಿರಿಯ ಮಗನ ಹೆಸರಿರಬೇಕಿತ್ತು. ಅದು ಮೂರನೆಯದರಲ್ಲಿತ್ತು.

ಎರಡನೆಯ ಸಾಲು: 'ಏಡಾ, ಮಗಳು, ಮೂವತ್ತು.'

ಅದರ ಮೇಲೆ, ಈ ತುದಿಯಿಂದ ಆ ತುದಿಗೆ, ಒಂದು ಕೆಂಪು ಗೆರೆ.

"ಯಾರು ಹೊಡೆದದ್ದು?" ಎಂದರು ಮೌರೀನ್. ಪ್ರಣತಿ ವಿವರಿಸಿದಳು. ಏಡಾ ಆಗ ಮದುವೆಯಾಗಿ ಪಕ್ಕದ ಊರು ಸಾಲ್ಫರ್ಡಿನಲ್ಲಿ ಸಂಸಾರ ಮಾಡಿಕೊಂಡಿದ್ದಳು, ಆ ಮನೆಯ ಫಾರ್ಮಿನಲ್ಲೂ ಅವಳ ಹೆಸರಿದೆ. ಆ ರಾತ್ರಿ ಮನೆಯಲ್ಲಿ ಇದ್ದವರನ್ನು ಮಾತ್ರ ಬರೆಯಬೇಕೆಂಬುದು ನಿಯಮ. ಹ್ಯಾನಾ ಬರೆದದ್ದು ತಪ್ಪು. ಫಾರ್ಮ್ ತೆಗೆದುಕೊಂಡು ಹೋಗಲು ಬಂದ ಗುಮಾಸ್ತ ಕೆಂಪು ಶಾಯಿಯಲ್ಲಿ ಕಾಟು ಹೊಡೆದಿದ್ದಾನೆ. ಕೊಟ್ಟ ಮನೆಯ ಲೆಕ್ಕದಲ್ಲಿ ಬರುವವಳು ಇಲ್ಲಿ ಹೇಗೆ ಬಂದಳು?

"ಅವನ ತಲೆ" ಎಂದರು ಮೌರೀನ್. (ಅವರು ಅಂದದ್ದು ಬೇರೆ ಮಾತು, ವಾರಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.)

ಅವರಿಗೆ ಆ ಸಾಲು ಕಾಣುತ್ತಿರಲಿಲ್ಲ. ಪ್ರಣತಿ ಚಿತ್ರವನ್ನು ದೊಡ್ಡದು ಮಾಡುತ್ತಾ ಹೋದಳು. ಕೊನೆಗೆ ಇಡೀ ತೆರೆಯ ತುಂಬ 'ಏಡಾ' ಎಂಬುದೊಂದೇ ಉಳಿಯಿತು. ಮೌರೀನ್ ಮುಖ ಓರೆ ಮಾಡಿ, ಕಣ್ಣಂಚಿನಿಂದ ಬಹಳ ಹೊತ್ತು ನೋಡಿದರು. ಬೆರಳಿನಿಂದ ಆ ಮೂರು ಇಂಗ್ಲಿಷ್ ಅಕ್ಷರಗಳ ಮೇಲೆ ತಿದ್ದಿದರು.

"ನಮ್ಮಜ್ಜಿ ಇದನ್ನ ನೋಡಲೇ ಇಲ್ಲ" ಎಂದರು. ಆಮೇಲೆ ಅತ್ತರು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ. ಪ್ರಣತಿ ಇಬ್ಬರಿಗೂ ಟಿಶ್ಯೂ ಕೊಟ್ಟು, ಪುಟದ ಫೋಟೋವನ್ನು ಟೆರಿಗೆ ಕಳಿಸಿದಳು.

ಅವನು ಹತ್ತು ನಿಮಿಷಕ್ಕೆ ಫೋನ್ ಮಾಡಿದ. ಬುಧವಾರದ ಪ್ರಿಂಟು ಮುಂದಕ್ಕೆ ಹೋಯಿತು. ಏಡಾಳ ಪುಟದಲ್ಲಿ ಈಗ ಆ ಫಾರ್ಮಿನ ಚಿತ್ರವಿರುತ್ತದೆ, ಕೆಂಪು ಗೆರೆ ಸಮೇತ. ಕೆಳಗೆ ಹೊಸ ಸಾಲು: 'ಅಜ್ಜಿಯ ಮನೆಯಲ್ಲಿ ಬೆಳೆದಳು. ಮೂವತ್ತು ವರ್ಷದ ನಂತರವೂ ತಾಯಿ ಅವಳ ಹೆಸರನ್ನು ತನ್ನ ಹೆಸರಿನ ಕೆಳಗೇ ಬರೆದಳು.' ತೊರೆದಳು ಎಂದೂ ಇಲ್ಲ, ಮುದ್ದಿಸಿದಳು ಎಂದೂ ಇಲ್ಲ. ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಸುಖಾಂತ್ಯ, ಟೀ, ಮಂಡಕ್ಕಿ.

ಮನೆಗೆ ಮರಳುವಾಗ ಪ್ರಣತಿ ಈ ಸಲ ನನ್ನ ಪಕ್ಕದಲ್ಲೇ ನಡೆದಳು. ಹತ್ತನೆಯ ಹೆಜ್ಜೆಗೋ ಹನ್ನೊಂದನೆಯ ಹೆಜ್ಜೆಗೋ ಕೇಳಿದಳು.

"2011ರಲ್ಲೂ ಸೆನ್ಸಸ್ ಆಗಿತ್ತು, ಅಲ್ವಾ?"

"ಆಗಿತ್ತು."

"ಆಗ ನಾನು ದಾವಣಗೆರೆಯಲ್ಲಿದ್ದೆ."

"ಹೌದು."

"ನೀನು ನನ್ನ ಹೆಸರು ಬರೆದಿದ್ಯಾ?"

ನನಗೆ ಆ ಮಾರ್ಚ್ ತಿಂಗಳ ಭಾನುವಾರ ಚೆನ್ನಾಗಿ ನೆನಪಿದೆ. ಊಟದ ಮೇಜು, ಕಪ್ಪು ಪೆನ್ನು, ಪಕ್ಕದಲ್ಲಿ ಪೆನ್ಸಿಲಿನಿಂದ ತುಂಬಿದ ಜೆರಾಕ್ಸ್ ಪ್ರತಿ. ನಮ್ಮ ಮನೆಯವರು ಸೂಚನೆಗಳನ್ನು ಗಟ್ಟಿಯಾಗಿ ಓದಿದರು. ದೇಶದಿಂದ ಹೊರಗೆ ಒಂದು ವರ್ಷಕ್ಕಿಂತ ಕಡಿಮೆ ಇರುವವರನ್ನು ಸೇರಿಸಿ, ಅದಕ್ಕಿಂತ ಹೆಚ್ಚು ಇರುವವರನ್ನು ಸೇರಿಸಬೇಡಿ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಅವಳು ಹೋಗಿ ಆಗಿನ್ನೂ ನಾಲ್ಕೇ ತಿಂಗಳು. ಆದರೆ ವರ್ಷದೊಳಗೆ ಕರೆಸಿಕೊಳ್ಳಲಾಗುವುದಿಲ್ಲ ಎಂದು ಇಬ್ಬರಿಗೂ ಅಷ್ಟರಲ್ಲಿ ಗೊತ್ತಾಗಿತ್ತು. 'ಸರ್ಕಾರದ ಫಾರ್ಮು, ತಪ್ಪು ಬರೆಯೋದು ಬೇಡ' ಎಂದೆ. ಎಷ್ಟು ಜನ ಎಂಬಲ್ಲಿ ಎರಡು ಎಂದು ಬರೆದೆ. ಬೆರಳಿಟ್ಟು ಎರಡು ಸಲ ಪರೀಕ್ಷಿಸಿ ಲಕೋಟೆಗೆ ಹಾಕಿದೆ.

"ಇಲ್ಲ ಪುಟ್ಟಾ" ಎಂದೆ. ಹದಿನಾಲ್ಕು ವರ್ಷದಲ್ಲಿ ಈ ವಿಷಯದಲ್ಲಿ ಅವಳಿಗೆ ಹೇಳಿದ ಮೊದಲ ನೇರ ಉತ್ತರ.

ಅವಳು ಬೀಗ ತೆಗೆದಳು, ಒಳಗೆ ಹೋಗಿ ನನಗಾಗಿ ಬಾಗಿಲು ಹಿಡಿದುಕೊಂಡು ನಿಂತಳು.

ಆ ಫಾರ್ಮ್ ನೂರು ವರ್ಷ ತುಂಬಿದ ಮೇಲೆ ತೆರೆಯುತ್ತದೆ. ಪ್ರಣತಿಯ ಮೊಮ್ಮಗಳೋ ಮರಿಮಗಳೋ ಕೂತು ಹುಡುಕಬಹುದು. ಹ್ಯಾನಾ ಅರೆಬರೆ ಅಕ್ಷರ ಕಲಿತವಳು, ನಿಯಮ ಓದದೆ ಬರೆದಳು, ಗುಮಾಸ್ತನ ಕೈಯಲ್ಲಿ ಕೆಂಪು ಗೆರೆ ಹೊಡೆಸಿಕೊಂಡಳು. ನಾನು ಓದಿದವಳು, ನಿಯಮ ಬಲ್ಲವಳು.

ನನ್ನ ಫಾರ್ಮಿನಲ್ಲಿ ಕಾಟು ಹೊಡೆಯಲು ಏನೂ ಇರಲಿಲ್ಲ.